ದನದ ಡಾಕ್ಟರಿಗೆ ನಂಬರ್ ಕೊಡೋರು ಯಾರು?

ಕೋಡ್ ಬರೆಯಲು ಬಾರದವರು ಎಂಜಿನಿಯರಿಂಗ್ ಮ್ಯಾನೇಜರ್ ಆಗಬಹುದಾ? ನಮ್ಮಂಥ ನಾಲ್ಕು ಜನ ಚಹಾಕ್ಕೆ ಸೇರಿದರೆ ತಿಂಗಳಿಗೊಮ್ಮೆಯಾದರೂ ಈ ಮಾತು ಬರುತ್ತೆ. ಒಬ್ಬ "ಸಾಧ್ಯವೇ ಇಲ್ಲ, ಎಸ್ಟಿಮೇಟ್ ಕೇಳೋವಾಗ್ಲೇ ಗೊತ್ತಾಗಿಬಿಡುತ್ತೆ" ಅಂತಾನೆ. ಇನ್ನೊಬ್ಬ, ತಾನು ಕಂಡ ಅತಿ ಕೆಟ್ಟ ಮ್ಯಾನೇಜರ್ ಇಡೀ ಆಫೀಸಿಗೇ ಒಳ್ಳೆಯ ಪ್ರೋಗ್ರಾಮರ್ ಆಗಿದ್ದ ಅಂತ ನೆನಪಿಸುತ್ತಾನೆ. ಅಷ್ಟರಲ್ಲಿ ಚಹಾ ಮುಗಿದಿರುತ್ತೆ.

ಇದೇ ಪ್ರಶ್ನೆಯನ್ನು ನಿಮ್ಮಲ್ಲಿ ಬಹುತೇಕರು ಹೆಸರೇ ಕೇಳಿರದ ಒಂದು ಸಂಸ್ಥೆಯ ಬಗ್ಗೆ ಕೇಳಬೇಕಾಗಿದೆ. ಅದು ಕರ್ನಾಟಕ ಪಶುವೈದ್ಯಕೀಯ ಪರಿಷತ್ತು. ಇಂದಿರಾನಗರದಲ್ಲಿ ನಿಮ್ಮ ಲ್ಯಾಬ್ರಡಾರ್‌ಗೆ ಲಸಿಕೆ ಹಾಕುವ ಡಾಕ್ಟರ್ ಇದ್ದಾರಲ್ಲ, ಅವರಿಗೊಂದು ನೋಂದಣಿ ನಂಬರ್ ಇರುತ್ತೆ. ಆಳಂದ ತಾಲೂಕಿನ ನಮ್ಮ ನರೋಣಾದಂಥ ಹೋಬಳಿ ಊರಿನಲ್ಲಿ ಎತ್ತಿಗೆ ಸೂಜಿ ಚುಚ್ಚುವ ಡಾಕ್ಟರಿಗೂ ಅಂಥದೇ ನಂಬರ್. ರಾಜ್ಯದ ಪಟ್ಟಿಯಲ್ಲಿ ಹೆಸರು ಸೇರಿಸುವುದು ಈ ಪರಿಷತ್ತು. ತಪ್ಪು ಮಾಡಿದರೆ ಹೆಸರು ತೆಗೆಯುವ ಅಧಿಕಾರವೂ ಅದಕ್ಕಿದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಪಶುವೈದ್ಯ ವೃತ್ತಿ ಮಾಡುವ ಹಾಗಿಲ್ಲ, ಜಾನುವಾರಿನ ಆರೋಗ್ಯದ ಬಗ್ಗೆ ಸರ್ಟಿಫಿಕೇಟಿಗೆ ಸಹಿ ಹಾಕುವ ಹಾಗಿಲ್ಲ, ಕೋರ್ಟಿನಲ್ಲಿ ತಜ್ಞರಾಗಿ ಸಾಕ್ಷಿ ಹೇಳುವ ಹಾಗೂ ಇಲ್ಲ. ಇಷ್ಟು ತೂಕದ ಸಂಸ್ಥೆಯ ಮುಖ್ಯಸ್ಥರಾಗೋಕೆ ಏನು ಅರ್ಹತೆ ಬೇಕು?

ಇದಕ್ಕೆ ಆಧಾರ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆ. ರಾಜ್ಯ ಪರಿಷತ್ತಿನಲ್ಲಿ ಯಾರ್ಯಾರು ಇರಬೇಕು ಅಂತ ಅದರ 32ನೇ ಕಲಂ ಹೇಳುತ್ತೆ. ನೋಂದಾಯಿತ ಪಶುವೈದ್ಯರು ತಮ್ಮೊಳಗಿಂದಲೇ ಆರಿಸಿ ಕಳಿಸುವ ನಾಲ್ವರು, ರಾಜ್ಯದ ಪಶುವೈದ್ಯ ಕಾಲೇಜುಗಳ ಮುಖ್ಯಸ್ಥರು, ಸರ್ಕಾರ ನಾಮನಿರ್ದೇಶನ ಮಾಡುವ ಮೂವರು, ಇಲಾಖೆಯ ನಿರ್ದೇಶಕರು, ಪಶುವೈದ್ಯರ ಸಂಘದಿಂದ ಒಬ್ಬರು, ಜೊತೆಗೆ ರಿಜಿಸ್ಟ್ರಾರ್. ಇವರು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಳ್ಳುತ್ತಾರೆ. ಅಷ್ಟೇ. ಎಷ್ಟು ವರ್ಷದ ಅನುಭವ ಬೇಕು, ಹಳ್ಳಿಯಲ್ಲಿ ಕೆಲಸ ಮಾಡಿರಬೇಕಾ, ಆಡಳಿತ ಗೊತ್ತಿರಬೇಕಾ, ಇಂಥ ಯಾವ ಗೆರೆಯನ್ನೂ ಅಧ್ಯಕ್ಷರಿಗಾಗಿ ಎಳೆದಿಲ್ಲ. ದನ ಸಾಕುವವರಿಗೆ ಒಂದು ಕುರ್ಚಿ ಅಂತಲೂ ಎಲ್ಲೂ ಬರೆದಿಲ್ಲ.

ಮನುಷ್ಯರ ಡಾಕ್ಟರುಗಳ ಕಾಯ್ದೆ ನೋಡಿ. 2010ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಅಂದಿನ ಅಧ್ಯಕ್ಷರನ್ನು ಸಿಬಿಐ ಬಂಧಿಸಿತು, ಕೇಂದ್ರ ಸರ್ಕಾರ ಪರಿಷತ್ತನ್ನೇ ವಿಸರ್ಜಿಸಿತು. ಆಮೇಲೆ ಬಂದ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಅಧ್ಯಕ್ಷರಿಗೆ ಸ್ನಾತಕೋತ್ತರ ಪದವಿ, ಕನಿಷ್ಠ 20 ವರ್ಷದ ಅನುಭವ, ಅದರಲ್ಲಿ 10 ವರ್ಷ ವೈದ್ಯಕೀಯ ಶಿಕ್ಷಣದಲ್ಲಿ ನಾಯಕತ್ವ ಅಂತ ಸ್ಪಷ್ಟವಾಗಿ ಬರೆದರು. ಪೆಟ್ಟು ತಿಂದ ಮೇಲೆ ಬರೆದ ಕಾಯ್ದೆ ಅದು. ದನದ ಡಾಕ್ಟರುಗಳ ಕಾಯ್ದೆ ಅಂಥ ಪೆಟ್ಟು ತಿಂದಿಲ್ಲ, ಅದಕ್ಕೇ 1984ರಲ್ಲಿ ಬರೆದದ್ದು ಹಂಗೇ ಇದೆ.

ಆದರೆ ಪಶುವೈದ್ಯರ ಮೇಲೆ ಯಾರು ಕೂರಬೇಕು ಅನ್ನೋ ಜಗಳ 1984ಕ್ಕಿಂತ ಬಹಳ ಹಳೆಯದು.

ನಮ್ಮೂರ ಹತ್ತಿರದಿಂದಲೇ ಶುರು ಮಾಡ್ತೀನಿ. ನರೋಣಾದಿಂದ ಈಶಾನ್ಯಕ್ಕೆ, ದೂರವೇನಿಲ್ಲ, ಬಸವಕಲ್ಯಾಣ ಇದೆ. ಕಲ್ಯಾಣದ ಚಾಳುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸ ಬರೆದ. ಅದರಲ್ಲಿ ಆನೆ, ಕುದುರೆಗಳ ಲಕ್ಷಣ, ಆರೈಕೆ, ಚಿಕಿತ್ಸೆ ಎಲ್ಲ ಬರುತ್ತೆ. ರಾಜನ ಸೈನ್ಯ ನಡೆಯುವುದೇ ಅವುಗಳ ಮೇಲೆ, ಬರಲೇಬೇಕು. ಆದರೆ ಅದೇ ಕಾಲದ ಆಸುಪಾಸಿನಲ್ಲಿ ಅದೇ ವಂಶದ ಕೀರ್ತಿವರ್ಮ ಅನ್ನೋ ರಾಜಕುಮಾರ ಕನ್ನಡದಲ್ಲಿ ಒಂದು ಪುಸ್ತಕ ಬರೆದ. ಹೆಸರು ಗೋವೈದ್ಯ. ದನದ ರೋಗಗಳು, ಅವಕ್ಕೆ ಔಷಧ, ಜೊತೆಗೆ ಒಂದಿಷ್ಟು ಮಂತ್ರ. ಮಂತ್ರದ ಭಾಗ ಓದಿ ಇವತ್ತಿನ ಪಶುವೈದ್ಯರು ನಕ್ಕಾರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಬೇರೆ ಸಂಗತಿ: ಅರಮನೆಯಲ್ಲಿ ಹುಟ್ಟಿದವನೊಬ್ಬ ಲಾಯದಿಂದ ಹೊರಗೆ ಬಂದು ಕೊಟ್ಟಿಗೆಯ ಕಡೆ ನೋಡಿದ, ಅದನ್ನು ಕೊಟ್ಟಿಗೆಯವರ ಭಾಷೆಯಲ್ಲೇ ಬರೆದ. ಮುಂದೆ ಏಳೆಂಟು ನೂರು ವರ್ಷ ಪಶುವೈದ್ಯದ ಚುಕ್ಕಾಣಿ ಹಿಡಿದವರಲ್ಲಿ ಬಹಳ ಮಂದಿಗೆ ಲಾಯ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.

ಯುರೋಪಿನ ಕತೆ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತೆ. ಜಗತ್ತಿನ ಮೊದಲ ಪಶುವೈದ್ಯ ಶಾಲೆಗೆ ಫ್ರಾನ್ಸಿನ ಲಿಯೋನ್‌ನಲ್ಲಿ 1761ರಲ್ಲಿ ಅರಸನ ಅಪ್ಪಣೆ ಸಿಕ್ಕಿತು, ಮರುವರ್ಷ ಪಾಠ ಶುರುವಾಯಿತು. ಕಟ್ಟಿದವನು ಕ್ಲೋದ್ ಬೂರ್ಜೆಲಾ. ಅವನು ಪಶುವೈದ್ಯ ಅಲ್ಲ, ಕುದುರೆ ಸವಾರಿ ಕಲಿಸುವ ಶಾಲೆಯ ಮುಖ್ಯಸ್ಥ. ಪದವಿ ಕೊಡುವ ಶಾಲೆಯೇ ಇಲ್ಲದಾಗ ಪದವಿ ಇರುವ ನಾಯಕ ಎಲ್ಲಿಂದ ಬರಬೇಕು? ಆಗ ಯುರೋಪಿನಲ್ಲಿ ದೊಡ್ಡರೋಗದಿಂದ ದನಗಳು ಲಕ್ಷಗಟ್ಟಲೆ ಸಾಯುತ್ತಿದ್ದವು. ಕುದುರೆಯ ಮನುಷ್ಯನಾದರೂ ಬೂರ್ಜೆಲಾ ತನ್ನ ವಿದ್ಯಾರ್ಥಿಗಳನ್ನು ದನದ ರೋಗ ಬಿದ್ದ ಹಳ್ಳಿಗಳಿಗೆ ಕಳಿಸಿದ. ಶಾಲೆಗೆ ಹೆಸರು ಬಂದದ್ದು ಅದರಿಂದ.

ಲಂಡನ್ನಿನಲ್ಲಿ ಆದದ್ದೇ ಬೇರೆ. ಅಲ್ಲಿ ಪಶುವೈದ್ಯ ಕಾಲೇಜು ತೆರೆದದ್ದು 1791ರಲ್ಲಿ. ಸ್ವಲ್ಪ ವರ್ಷದಲ್ಲೇ ಅದರ ಮುಖ್ಯಸ್ಥನಾಗಿ ಎಡ್ವರ್ಡ್ ಕೋಲ್ಮನ್ ಬಂದ. ಮನುಷ್ಯರ ಶಸ್ತ್ರವೈದ್ಯ. 1839ರಲ್ಲಿ ಸಾಯುವವರೆಗೆ, ಅಂದರೆ ಸುಮಾರು 45 ವರ್ಷ, ಆ ಕುರ್ಚಿ ಬಿಡಲಿಲ್ಲ. ಸೈನ್ಯದ ಪಶುವೈದ್ಯ ವಿಭಾಗದ ಮುಖ್ಯಸ್ಥನೂ ಅವನೇ, ಹಾಗಾಗಿ ಪಾಠ ಎಂದರೆ ಕುದುರೆಯ ಪಾಠ. ಕೋರ್ಸ್ ಕೆಲವೇ ತಿಂಗಳಿನದು. ದನ, ಕುರಿ, ಹಂದಿ ಯಾರ ಲೆಕ್ಕಕ್ಕೂ ಇರಲಿಲ್ಲ. ಇನ್ನು ಪದವಿ ಕೊಡುವ ಪರೀಕ್ಷಕರ ಮಂಡಳಿ, ಅಂದರೆ ಆ ಕಾಲದ ಲೈಸೆನ್ಸಿಂಗ್ ಬೋರ್ಡ್, ಅದರ ತುಂಬ ಲಂಡನ್ನಿನ ಹೆಸರಾಂತ ಮನುಷ್ಯರ ಡಾಕ್ಟರುಗಳು. ಹೊಲದಲ್ಲಿ ಮೊಣಕೈವರೆಗೆ ಕೈ ಹಾಕಿ ಕರು ಎಳೆದವನಿಗೆ ಆ ಮಂಡಳಿಯಲ್ಲಿ ಜಾಗ ಇಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಬ್ಯಾಕೆಂಡ್ ಹುಡುಗರ ಇಂಟರ್‌ವ್ಯೂ ಪ್ಯಾನೆಲ್ ಪೂರ್ತಿ ಸಿವಿಲ್ ಎಂಜಿನಿಯರುಗಳು. ಅವರೂ ಬುದ್ಧಿವಂತರೇ, ಆದರೂ...

ವೃತ್ತಿನಿರತ ಪಶುವೈದ್ಯರು ದಶಕಗಟ್ಟಲೆ ಗೊಣಗಿದರು, ಪತ್ರಿಕೆಗಳಲ್ಲಿ ಬರೆದರು, ಕೊನೆಗೆ 1844ರಲ್ಲಿ ರಾಜಶಾಸನ ಪಡೆದು ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಕಟ್ಟಿಕೊಂಡರು. ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ತೀವಿ, ತಮ್ಮ ನಾಯಕರನ್ನು ತಾವೇ ಆರಿಸ್ತೀವಿ ಅನ್ನೋದು ಅದರ ಅಡಿಪಾಯ. 1881ರ ಕಾಯ್ದೆ ಬಂದು, ಪಟ್ಟಿಯಲ್ಲಿಲ್ಲದವರು ಪಶುವೈದ್ಯ ಅಂತ ಬೋರ್ಡ್ ಹಾಕಿಕೊಳ್ಳೋದು ತಪ್ಪಾಯಿತು. ಇವತ್ತು ನಮ್ಮ 32ನೇ ಕಲಮಿನಲ್ಲಿ 'ತಮ್ಮೊಳಗಿಂದಲೇ' ಅಂತ ಇದೆಯಲ್ಲ, ಆ ಪದದ ಬೇರು ಕೋಲ್ಮನ್ ಕಾಲದ ಸಿಟ್ಟಿನಲ್ಲಿದೆ ಅಂತ ನನಗನ್ನಿಸುತ್ತೆ.

ಬ್ರಿಟಿಷರು ತಮ್ಮಲ್ಲಿ ಬಗೆಹರಿದ ಜಗಳವನ್ನು ಇಲ್ಲಿಗೆ ತಂದು ಮತ್ತೆ ಮೊದಲಿನಿಂದ ಶುರು ಮಾಡಿದರು. 1889ರಲ್ಲಿ ಪುಣೆಯಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ತೆರೆಯಿತು, ಕೆಲವೇ ವರ್ಷದಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ದೊಡ್ಡರೋಗದಂಥ ದನದ ಕಾಯಿಲೆಗಳಿಗೆ ಮದ್ದು ಹುಡುಕಲು ಕಟ್ಟಿದ ಲ್ಯಾಬಿನ ಮೊದಲ ಮುಖ್ಯಸ್ಥ ಆಲ್ಫ್ರೆಡ್ ಲಿಂಗಾರ್ಡ್, ಮತ್ತೆ ಮನುಷ್ಯರ ಡಾಕ್ಟರ್! 1897ರಲ್ಲಿ ಆ ಬೆಟ್ಟ ಹತ್ತಿ ಸಲಹೆ ಕೊಡಲು ಬಂದ ರಾಬರ್ಟ್ ಕಾಖ್ ಕೂಡ ಮನುಷ್ಯರ ಡಾಕ್ಟರೇ. ಆದರೆ ಇಲ್ಲಿ ಕೋಲ್ಮನ್ ಲೆಕ್ಕ ಪೂರ್ತಿ ಕೂಡುವುದಿಲ್ಲ. ಲಿಂಗಾರ್ಡ್ ಹಾಕಿದ ಬುನಾದಿಯ ಮೇಲೆಯೇ, ಅವನ ನಂತರ ಬಂದ ಪಶುವೈದ್ಯ ಹೋಮ್ಸ್ ಕಾಲದಲ್ಲಿ, ಆ ಲ್ಯಾಬು ದೊಡ್ಡ ಪ್ರಮಾಣದಲ್ಲಿ ಸೀರಂ ತಯಾರಿಸಿತು. ಡಿಗ್ರಿ ಯಾವುದು ಅನ್ನೋದಕ್ಕಿಂತ ಯಾವ ಪ್ರಾಣಿಯ ಮುಂದೆ ಕೂತರು ಅನ್ನೋದು ಹೆಚ್ಚು ಮುಖ್ಯವಾಗಿತ್ತು ಅಂತ ಕಾಣುತ್ತೆ.

ಇಲಾಖೆಯ ಕತೆ ಮಾತ್ರ ಅಷ್ಟು ಚೆನ್ನಾಗಿಲ್ಲ. 1890ರ ದಶಕದ ಆರಂಭದಲ್ಲಿ ಹುಟ್ಟಿದ ಸಿವಿಲ್ ವೆಟರ್ನರಿ ಡಿಪಾರ್ಟ್‌ಮೆಂಟಿಗೆ ಹೆಸರು ಸಿವಿಲ್, ಮೇಲೆ ಕೂತವರು ಸೈನ್ಯದಿಂದ ಬಂದ ಬ್ರಿಟಿಷ್ ಪಶುವೈದ್ಯರು. ಸೈನ್ಯಕ್ಕೆ ಕುದುರೆ ತಳಿ ಬೆಳೆಸುವ ಕೆಲಸವನ್ನು 1903ರವರೆಗೆ ಈ ಇಲಾಖೆಯೇ ಹೊತ್ತಿತ್ತು. ಲಾಹೋರಿನಲ್ಲಿ, ಮುಂಬೈಯಲ್ಲಿ ಪಶುವೈದ್ಯ ಕಾಲೇಜುಗಳಿದ್ದವು. ಮುಂಬೈದು ಶುರುವಾದದ್ದು 1886ರಲ್ಲಿ. ಅಲ್ಲಿ ಓದಿ ಪಾಸಾದ ಭಾರತೀಯನಿಗೆ ಸಿಗುತ್ತಿದ್ದದ್ದು ವೆಟರ್ನರಿ ಅಸಿಸ್ಟೆಂಟ್ ಹುದ್ದೆ. ಮೇಲಿನ ಇಂಪೀರಿಯಲ್ ಹುದ್ದೆಗೆ ಲಂಡನ್ನಿನ ರಾಯಲ್ ಕಾಲೇಜಿನ ಸದಸ್ಯತ್ವ ಬೇಕು. ಎತ್ತಿನ ಬಾಯಿ ತೆಗೆದು ನೋಡುವವನು ಅಸಿಸ್ಟೆಂಟು, ರಿಪೋರ್ಟಿಗೆ ಸಹಿ ಹಾಕುವವನು ಸೂಪರಿಂಟೆಂಡೆಂಟು. ಕೆಳಗಿನವನಿಗೆ ಊರ ಭಾಷೆ ಗೊತ್ತು, ಮೇಲಿನವನಿಗೆ ನಿಯಮ ಗೊತ್ತು.

ನಮ್ಮ ಭಾಗ ಆಗ ನಿಜಾಮರದ್ದು. ಹೈದರಾಬಾದಿನ ಪಶುವೈದ್ಯ ಕಾಲೇಜು 1946ರಲ್ಲಿ ಬಂತು. ಅದಾಗಿ ಎರಡು ವರ್ಷಕ್ಕೆ ಸಂಸ್ಥಾನವೇ ಭಾರತಕ್ಕೆ ಸೇರಿತು, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು, 1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಶುರುವಾಯಿತು. ನಕ್ಷೆ ಬದಲಾದರೂ ಮಾತು ಬದಲಾಗಲಿಲ್ಲ. ಇವತ್ತಿಗೂ ನಮ್ಮ ಕಡೆ ಪಶು ಆಸ್ಪತ್ರೆಗೆ ಯಾರೂ ಪಶು ಆಸ್ಪತ್ರೆ ಅನ್ನೋದಿಲ್ಲ, ದನದ ದವಾಖಾನಿ ಅಂತಾರೆ. ಅಲ್ಲಿ ಯಾರು ಕೂತಿದ್ದರೂ ಅವರು ಡಾಕ್ಟರ್ ಸಾಬ್. ಐದೂವರೆ ವರ್ಷ ಓದಿದ ಪದವೀಧರರಾ, ಡಿಪ್ಲೊಮಾ ಮಾಡಿದ ಪರೀಕ್ಷಕರಾ, ಔಷಧ ತೆಗೆದುಕೊಡುವ ಕಂಪೌಂಡರಾ ಅಂತ ಯಾರೂ ಕೇಳೋದಿಲ್ಲ.

ಮುತ್ಯಾ ಹೇಳ್ತಿದ್ದ: "ದೊಡ್ಡರೋಗ ಬಂತಂದ್ರ ಮುಂಜಾನಿ ನಿಂತಿದ್ದ ಎತ್ತು ಸಂಜಿಗಿ ಬೀಳತಿತ್ತು. ಎಳೆಯಾಕ ಜ್ವಾಡಿನೂ ಉಳೀತಿರಲಿಲ್ಲ." ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳೋದು ಮುತ್ಯಾನ ಸ್ವಭಾವ, ಆ ರೋಗ ಕೊಲ್ಲೋಕೆ ಕೆಲವು ದಿನ ತಗೊಳ್ಳುತ್ತೆ. ಆದರೆ ಬಿತ್ತುವ ಹೊತ್ತಿಗೆ ಎತ್ತು ಸತ್ತರೆ ಆ ವರ್ಷದ ಜೋಳ, ತೊಗರಿ ಎರಡೂ ಹೋದಂಗೆ ಅನ್ನೋದು ಉತ್ಪ್ರೇಕ್ಷೆ ಅಲ್ಲ. 1954ರಲ್ಲಿ ಭಾರತ ಈ ರೋಗ ನಿರ್ಮೂಲನೆಗೆ ಕಾರ್ಯಕ್ರಮ ಶುರು ಮಾಡಿತು. ಊರೂರು ಸುತ್ತಿ, ಐಸ್ ಪೆಟ್ಟಿಗೆ ಹೊತ್ತು, ಕೋಟಿಗಟ್ಟಲೆ ದನಕ್ಕೆ ಸೂಜಿ ಚುಚ್ಚಿದವರಲ್ಲಿ ಪದವೀಧರರ ಜೊತೆಗೆ ಲಸಿಕೆ ಹಾಕುವ ಸಿಬ್ಬಂದಿ, ಕಂಪೌಂಡರುಗಳು ಎಲ್ಲ ಇದ್ದರು. ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದ ಆ ರೋಗ ಹೋಯಿತು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಘೋಷಿಸಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಅಳಿಸಿಹೋದ ಎರಡನೇ ರೋಗ ಅದು.

ಆ ಗೆಲುವಿನಲ್ಲಿ ಎರಡು ಥರದ ಜನ ಇದ್ದಾರೆ. ಒಂದು ಕಡೆ ವಾಲ್ಟರ್ ಪ್ಲೋರೈಟ್, ಕೀನ್ಯಾದಲ್ಲಿ ಕೆಲಸ ಮಾಡಿ ಒಳ್ಳೆಯ ಲಸಿಕೆ ಕೊಟ್ಟ ಪಶುವೈದ್ಯ. 1999ರಲ್ಲಿ ಅವನಿಗೆ ವರ್ಲ್ಡ್ ಫುಡ್ ಪ್ರೈಜ್ ಸಿಕ್ಕಿತು. ಇನ್ನೊಂದು ಕಡೆ ಇಥಿಯೋಪಿಯದ ಅಫಾರ್ ಮತ್ತು ದಕ್ಷಿಣ ಸುಡಾನಿನ ದನಗಾಹಿಗಳು. ಯುದ್ಧ, ಬಿಸಿಲು, ರಸ್ತೆ ಇಲ್ಲದ ಬಯಲು. ಡಿಗ್ರಿ ಇದ್ದವರು ಅಲ್ಲಿಗೆ ಹೋಗುವ ಹಾಗೇ ಇರಲಿಲ್ಲ. ಫ್ರಿಜ್ ಇಲ್ಲದೆ ಹಲವು ದಿನ ಕೆಡದೆ ಉಳಿಯುವ ಲಸಿಕೆಯನ್ನು ಜೆಫ್ರಿ ಮ್ಯಾರಿನರ್ ತಂಡ ತಯಾರು ಮಾಡಿದ ಮೇಲೆ, ಆ ದನಗಾಹಿಗಳಿಗೇ ತರಬೇತಿ ಕೊಟ್ಟು ಸೂಜಿ ಕೈಗೆ ಕೊಟ್ಟರು. ರೋಗ ಉಳಿದಿದ್ದ ಕೊನೆಯ ಮೂಲೆಗಳು ಖಾಲಿಯಾದದ್ದು ಅವರ ಕೈಯಿಂದ. ಇದನ್ನು ನಿರ್ಧರಿಸಿದವರು ಪಶುವೈದ್ಯರೇ ಅನ್ನೋದನ್ನು ಮರೆಯಬಾರದು. ತಮ್ಮ ವೃತ್ತಿಯ ಗಡಿಯನ್ನು ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಅಂತ ಅವರಿಗೆ ಗೊತ್ತಿತ್ತು. ಪರಿಷತ್ತಿನ ಅಧ್ಯಕ್ಷರಿಗೆ ಒಂದೇ ಒಂದು ಅರ್ಹತೆ ಬರೆಯಲು ನನಗೆ ಬಿಟ್ಟರೆ ಇದನ್ನೇ ಬರೆಯುತ್ತೇನೆ.

ಈಗ 1984ಕ್ಕೆ ವಾಪಸ್ ಬರೋಣ. ಸಂವಿಧಾನದಲ್ಲಿ ಪಶುವೈದ್ಯ ಶಿಕ್ಷಣ ಮತ್ತು ವೃತ್ತಿ ರಾಜ್ಯಪಟ್ಟಿಯ 15ನೇ ವಿಷಯ, ಸಂಸತ್ತು ಸುಮ್ಮನೆ ಕಾಯ್ದೆ ಮಾಡುವ ಹಾಗಿಲ್ಲ. ಹರಿಯಾಣ, ಬಿಹಾರ, ಒರಿಸ್ಸಾ, ಹಿಮಾಚಲ, ರಾಜಸ್ಥಾನಗಳು 252ನೇ ವಿಧಿಯಡಿ ನಿರ್ಣಯ ಮಾಡಿ ಕೇಳಿದವು, ಕಾಯ್ದೆ ಬಂತು. ಉಳಿದ ರಾಜ್ಯಗಳು ಆಮೇಲೆ ಒಂದೊಂದಾಗಿ ಒಪ್ಪಿಕೊಂಡವು. ಈ 'ಆಮೇಲೆ ಒಂದೊಂದಾಗಿ' ಅನ್ನೋದರಲ್ಲಿ ಒಂದು ದೊಡ್ಡ ಗೋಳು ಅಡಗಿತ್ತು.

ಆಳಂದದ ಪಕ್ಕದಲ್ಲೇ ಮಹಾರಾಷ್ಟ್ರದ ಅಕ್ಕಲಕೋಟೆ, ಉಮರ್ಗಾ. ಆ ರಾಜ್ಯದಲ್ಲಿ 1971ರ ತನ್ನದೇ ಕಾಯ್ದೆ ಇತ್ತು, ಡಿಪ್ಲೊಮಾ ಮಾಡಿದವರ ಹೆಸರೂ ಅದರ ಪಟ್ಟಿಯಲ್ಲಿತ್ತು. 1990ರ ದಶಕದಲ್ಲಿ ಮಹಾರಾಷ್ಟ್ರ ಕೇಂದ್ರದ ಕಾಯ್ದೆ ಒಪ್ಪಿಕೊಂಡಾಗ ಆ ಡಿಪ್ಲೊಮಾದವರು ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಹಕ್ಕು ಕಳೆದುಕೊಂಡರು. ಸುಪ್ರೀಂ ಕೋರ್ಟಿಗೆ ಹೋದರು. ಉದಯ್ ಸಿಂಗ್ ಡಾಗರ್ ಪ್ರಕರಣದಲ್ಲಿ 2007ರಲ್ಲಿ ತೀರ್ಪು ಬಂತು: ಕಾಯ್ದೆ ಸರಿಯಿದೆ, ಪದವಿ ಇಲ್ಲದವರು ಮಾಡಬಹುದಾದದ್ದು ಕಿರು ಪಶುವೈದ್ಯ ಸೇವೆ ಮಾತ್ರ. ಏನದು ಕಿರು ಸೇವೆ? 30ನೇ ಕಲಂ ಪ್ರಕಾರ ಲಸಿಕೆ ಹಾಕೋದು, ಬೀಜ ಒಡೆಯೋದು, ಗಾಯಕ್ಕೆ ಪಟ್ಟಿ ಕಟ್ಟೋದು, ಇಂಥ ಪ್ರಥಮ ಚಿಕಿತ್ಸೆ, ಅದೂ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ. ಈ ಪಟ್ಟಿಗೆ ಇನ್ನೇನು ಸೇರಿಸಬೇಕು ಅಂತ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಬಹುದು.

ಕಾಗದದ ಮೇಲೆ ಇದು ಚೊಕ್ಕವಾಗಿದೆ. ಆದರೆ ಜೋಳದ ಹೊಲಕ್ಕೆ ಬನ್ನಿ. ಕೊಯ್ದ ಮೇಲೆ ಉಳಿದ ಕೂಳೆ ಒಂದು ಮಳೆಗೆ ಚಿಗುರುತ್ತೆ. ಆ ಎಳೆ ಚಿಗುರಿನಲ್ಲಿ, ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ, ಸೈನೈಡ್ ಆಗಿ ಒಡೆಯುವ ವಿಷ ಇರುತ್ತೆ. ಹಸಿದ ಎತ್ತು ಹಗ್ಗ ಬಿಚ್ಚಿಕೊಂಡು ಹೋಗಿ ಮೇಯ್ದರೆ ಸ್ವಲ್ಪ ಹೊತ್ತಿಗೆ ಏದುಸಿರು, ತತ್ತರಿಕೆ, ಆಮೇಲೆ ನೆಲ. ಸೋಡಿಯಂ ನೈಟ್ರೈಟ್, ಸೋಡಿಯಂ ಥಯೋಸಲ್ಫೇಟ್ ದ್ರಾವಣವನ್ನು ರಕ್ತನಾಳಕ್ಕೆ ಕೊಡಬೇಕು. ನಿಮಿಷಗಳ ಲೆಕ್ಕ. ಹೊಲದಲ್ಲಿ ನಿಂತವರು ಬೆಲ್ಲದ ನೀರು ಕುಡಿಸುತ್ತಾ ಫೋನ್ ಹಚ್ಚುತ್ತಾರೆ. ಡಾಕ್ಟರು ಮೂವತ್ತು ಕಿಲೋಮೀಟರ್ ಆಚೆ ಇನ್ನೊಂದು ಊರಿನ ಶಿಬಿರದಲ್ಲಿ. ಹತ್ತಿರ ಇರೋದು ಡಿಪ್ಲೊಮಾ ಮಾಡಿದ ಪರೀಕ್ಷಕ. ಅವನಿಗೆ ಏನು ಮಾಡಬೇಕಂತ ಗೊತ್ತು. ಮಾಡಿದರೆ ಕಾಯ್ದೆ ಮೀರಿದ ಹಾಗೆ, ಮಾಡದಿದ್ದರೆ ಎತ್ತು ಹೋಗುತ್ತೆ. "ನೀ ಚುಚ್ಚೋ ಮಾರಾಯ, ಮುಂದಿಂದು ನಾ ನೋಡ್ಕೋತೀನಿ" ಅಂತ ರೈತ ಹೇಳ್ತಾನೆ. ಮುಂದಿಂದು ಏನಾದರೂ ಆದರೆ ನೋಡ್ಕೋಬೇಕಾದವನು ಪರೀಕ್ಷಕನೇ.

1976ರ ರಾಷ್ಟ್ರೀಯ ಕೃಷಿ ಆಯೋಗ ಐದು ಸಾವಿರ ಜಾನುವಾರಿಗೊಬ್ಬ ಪಶುವೈದ್ಯ ಬೇಕು ಅಂದಿತ್ತು. ಆ 5,000ದ ಲೆಕ್ಕ ತುಂಬಿದ ಮೇಲೆ ಮಾತ್ರ 30ನೇ ಕಲಂ ಅಷ್ಟು ಬಿಗಿಯಾಗಿರಬಹುದು, ಅದೂ ಡಾಕ್ಟರ್ ಹುದ್ದೆ ಖಾಲಿ ಇರದಿದ್ದರೆ. ಈಗ 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಗಾಡಿಗಳಿವೆ, ಪಶು ಸಖಿಯರಿದ್ದಾರೆ. ಒಳ್ಳೆಯದೇ. ಆದರೆ ಕೂಳೆ ಜೋಳ ಗಾಡಿ ಬರುವವರೆಗೆ ಕಾಯೋದಿಲ್ಲ.

ಇಷ್ಟು ಹೇಳಿದ ಮೇಲೆ ಪಶುವೈದ್ಯರ ಮಾತೂ ಕೇಳಬೇಕು, ಅದು ಸುಳ್ಳಲ್ಲ. ಗಡಿ ಸಡಿಲ ಬಿಟ್ಟರೆ ಏನಾಗುತ್ತೆ ಅಂತ ನಾವು ನೋಡಿದ್ದೇವೆ. ಹಾಲು ಇಳಿಯಲಿ ಅಂತ ಎಮ್ಮೆಗೆ ದಿನಾ ಆಕ್ಸಿಟೋಸಿನ್ ಚುಚ್ಚೋರು, ಸಿಕ್ಕ ಆಂಟಿಬಯಾಟಿಕ್ ಸಿಕ್ಕಷ್ಟು ಹಾಕೋರು ಊರೂರಲ್ಲಿದ್ದಾರೆ. ದನದ ನೋವಿಗೆ ಕಂಡಕಂಡಲ್ಲಿ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ದೇಶದ ರಣಹದ್ದು ಸಂತತಿಯನ್ನೇ ಬಹುಮಟ್ಟಿಗೆ ಮುಗಿಸಿತು. 2006ರಲ್ಲಿ ದನಕ್ಕೆ ಅದನ್ನು ಕೊಡೋದು ನಿಷೇಧವಾಯಿತು. ಹಾಗಾಗಿ ಪಟ್ಟಿ ಬೇಕು, ಪಟ್ಟಿ ಕಾಯುವವರು ಬೇಕು, ಕಾಯುವವರಲ್ಲಿ ಮುಖ್ಯರಾದವರು ಪಶುವೈದ್ಯರೇ ಆಗಿರಬೇಕು. ಐಎಎಸ್ ಅಧಿಕಾರಿಯನ್ನು ತಂದು ಕೂರಿಸಿ ಅನ್ನೋರ ಮಾತು ನನಗೆ ಹಿಡಿಸೋದಿಲ್ಲ, ಅದು ಮತ್ತೆ ಕೋಲ್ಮನ್ ದಾರಿ.

ಆದರೆ ಪಟ್ಟಿ ಕಾಯುವವರೆಲ್ಲ ಪಟ್ಟಿಯಲ್ಲಿರುವವರೇ ಆದಾಗ ಅಮೆರಿಕದಲ್ಲಿ ಏನಾಯಿತು ನೋಡಿ. ನಾರ್ತ್ ಕೆರೊಲಿನಾದಲ್ಲಿ ದಂತವೈದ್ಯರೇ ತುಂಬಿದ್ದ ಲೈಸೆನ್ಸ್ ಮಂಡಳಿ, ದಂತವೈದ್ಯರಲ್ಲದವರು ಹಲ್ಲು ಬಿಳಿ ಮಾಡುವ ಅಂಗಡಿ ಇಟ್ಟಿದ್ದಕ್ಕೆ ನೋಟಿಸ್ ಕೊಟ್ಟು ನಿಲ್ಲಿಸಲು ಹೊರಟಿತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅದೇ ಮಾರುಕಟ್ಟೆಯಲ್ಲಿ ದುಡಿಯುವವರ ಹಿಡಿತದಲ್ಲಿರುವ ಮಂಡಳಿಯ ಮೇಲೆ ಸರ್ಕಾರದ ಸಕ್ರಿಯ ನಿಗಾ ಇಲ್ಲದಿದ್ದರೆ ಸ್ಪರ್ಧಾ ಕಾನೂನಿನಿಂದ ಅದಕ್ಕೆ ರಕ್ಷಣೆ ಇಲ್ಲ ಅಂತ ಹೇಳಿತು. ಇನ್ನು 'ನಮ್ಮವರನ್ನು ನಾವೇ ಆರಿಸ್ತೀವಿ' ಅಂತ 1844ರಲ್ಲಿ ಗೆದ್ದ ಲಂಡನ್ನಿನ ರಾಯಲ್ ಕಾಲೇಜೇ 2018ರಲ್ಲಿ ತನ್ನ ಆಡಳಿತ ಮಂಡಳಿಯನ್ನು 42ರಿಂದ 24ಕ್ಕೆ ಇಳಿಸಿ, ಅದರಲ್ಲಿ 6 ಕುರ್ಚಿಗಳನ್ನು ಪಶುವೈದ್ಯರಲ್ಲದ ಹೊರಗಿನವರಿಗೆ ಕೊಟ್ಟಿತು. ಇನ್ನೆರಡು ಪಶುವೈದ್ಯ ನರ್ಸ್‌ಗಳಿಗೆ. ಬಹುಮತ ಪಶುವೈದ್ಯರದೇ, ಆದರೆ ಮೇಜಿನ ಸುತ್ತ ಬೇರೆ ಮುಖಗಳೂ ಬಂದವು.

ನಮ್ಮ 32ನೇ ಕಲಮಿನಲ್ಲಿ ಇನ್ನೊಂದು ಸಣ್ಣ ವಿಷಯ ಇದೆ, ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಚುನಾಯಿತರು ನಾಲ್ವರು, ಆ ಸಂಖ್ಯೆ ಗಟ್ಟಿ. ಕಾಲೇಜು ಮುಖ್ಯಸ್ಥರಿಗೆ ಸಂಖ್ಯೆಯೇ ಇಲ್ಲ, ಎಷ್ಟು ಕಾಲೇಜು ಇದ್ದರೆ ಅಷ್ಟು ಕುರ್ಚಿ. 1984ರಲ್ಲಿ ಕರ್ನಾಟಕದಲ್ಲಿ ಹೆಬ್ಬಾಳ ಒಂದೇ ಇತ್ತು. ಆಮೇಲೆ ಬೀದರ್, ಹಾಸನ, ಶಿವಮೊಗ್ಗ, ಗದಗ, ಅಥಣಿ ಬಂದವು. ಕಾಲೇಜು ಬಂದದ್ದು ಸಂತೋಷವೇ, ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರ ನಮ್ಮ ಕಡೆಯ ಬೀದರಿನಲ್ಲೇ ಇದೆ ಅನ್ನೋ ಹೆಮ್ಮೆಯೂ ಇದೆ. ಆದರೆ ಒಂದೊಂದು ಕಾಲೇಜು ಬಂದಾಗಲೂ, ತಾಲೂಕು ದವಾಖಾನಿಯಲ್ಲಿ ಕೂತು ಮತ ಹಾಕಿದವರ ಪಾಲು ಆ ಮೇಜಿನಲ್ಲಿ ಸ್ವಲ್ಪ ಕರಗುತ್ತೆ. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ, ಫಾರ್ಮುಲಾ ಬರೆಯುವಾಗ ಮುಂದೆ ಸಂಖ್ಯೆ ಬೆಳೆದರೆ ಏನಾಗುತ್ತೆ ಅಂತ ನೋಡಲಿಲ್ಲ ಅಷ್ಟೇ. ಸಾಫ್ಟ್‌ವೇರಿನಲ್ಲಿ ಇದನ್ನು ನಾವು ವಾರಕ್ಕೊಮ್ಮೆ ನೋಡ್ತೀವಿ.

ಇನ್ನೊಂದು, ನಿರ್ದೇಶಕರ ಕುರ್ಚಿ. ಹಳ್ಳಿಯ ಪಶುವೈದ್ಯರೆಂದರೆ ಬಹುತೇಕ ಸರ್ಕಾರಿ ನೌಕರರು. ಅವರ ಮೇಲೆ ರೈತ ದೂರು ಕೊಟ್ಟರೆ ಕೇಳುವ ಪರಿಷತ್ತಿನಲ್ಲಿ ಅವರದೇ ಇಲಾಖೆಯ ಮುಖ್ಯಸ್ಥರು ಸದಸ್ಯರು. ಆ ಸಭೆಯನ್ನು ನಡೆಸುವ ಅಧ್ಯಕ್ಷರು ಇಲಾಖೆಯ ಮುಲಾಜಿಗೆ ಬೀಳದವರಾಗಿರಬೇಕು ಅಂತ ಕಾಯ್ದೆ ಬಯಸಬೇಕಿತ್ತು. ಕನಿಷ್ಠ ಹತ್ತು ವರ್ಷ ತಾಲೂಕು ಅಥವಾ ಹೋಬಳಿ ದವಾಖಾನಿಯಲ್ಲಿ ದುಡಿದಿರಬೇಕು, ಅಧ್ಯಕ್ಷರಾಗಿರುವಷ್ಟು ಕಾಲ ಇಲಾಖೆಯಲ್ಲೋ ವಿಶ್ವವಿದ್ಯಾಲಯದಲ್ಲೋ ಹುದ್ದೆ ಹೊಂದಿರಬಾರದು ಅನ್ನೋ ಎರಡು ಸಾಲು ಸೇರಿಸಿದರೆ ಸಾಕು. ಜೊತೆಗೆ ದನ, ಕುರಿ ಸಾಕುವವರಿಗೆ ಎರಡು ಕುರ್ಚಿ, ಡಿಪ್ಲೊಮಾದವರಿಗೆ ಒಂದು. ಮತ ಹಾಕುವ ಹಕ್ಕು ಬೇಡ ಅಂದರೂ ಪರವಾಗಿಲ್ಲ, ಕಿರು ಸೇವೆಯ ಪಟ್ಟಿ ಬಗ್ಗೆ ಮಾತು ಬಂದಾಗ ಕೂಳೆ ಜೋಳದ ಸುದ್ದಿ ತೆಗೆಯೋಕೆ ಒಬ್ಬರು ಅಲ್ಲಿರಬೇಕು.

ಕಾಯ್ದೆ ತಿದ್ದೋದು ದಿಲ್ಲಿಯ ಕೆಲಸ, ಬೇಗ ಆಗೋದಲ್ಲ. ತಿದ್ದದೇ ಮಾಡಬಹುದಾದದ್ದೂ ಇದೆ. ಸರ್ಕಾರ ನಾಮನಿರ್ದೇಶನ ಮಾಡುವ ಮೂವರಲ್ಲಿ ಒಬ್ಬರನ್ನು ಕಲ್ಯಾಣ ಕರ್ನಾಟಕದ ದವಾಖಾನಿಯೊಂದರಿಂದ ಆರಿಸಬಹುದು. ಪರಿಷತ್ತಿನ ಕಚೇರಿ ಬೆಂಗಳೂರಿನಲ್ಲಿದೆ, ನರೋಣಾದಿಂದ ಹೆಚ್ಚುಕಮ್ಮಿ ಆರುನೂರು ಕಿಲೋಮೀಟರ್. ಎತ್ತು ಸತ್ತವನು ದೂರಿನ ವಿಚಾರಣೆಗೆ ಅಲ್ಲಿಗೆ ಹೋಗಿಬರುವ ಖರ್ಚಿನಲ್ಲಿ ಒಂದು ಕರು ಕೊಳ್ಳಬಹುದು. ಹೈಕೋರ್ಟೇ 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ತಂದಿತು, 2013ರಲ್ಲಿ ಅದು ಖಾಯಂ ಆಯಿತು. ಪರಿಷತ್ತಿನ ಮುಂದಿನ ಅಧ್ಯಕ್ಷರು ಯಾರೇ ಬರಲಿ, ವರ್ಷಕ್ಕೆರಡು ಸಲ ರೈಲು ಹತ್ತಿ ಕಲಬುರಗಿಗೆ ಬಂದು ದೂರು ಕೇಳಲು ಯಾರ ತಿದ್ದುಪಡಿಯೂ ಬೇಕಾಗಿಲ್ಲ.